ಡ್ರಿಲ್‌ಗೆ ತಂತಿ ಬ್ರಷ್: ಕಡಿಮೆ ದುಡ್ಡಿಗೆ ಸರಿಯಾದದ್ದನ್ನು ಆರಿಸುವುದು ಹೇಗೆ

ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ರೆಡ್ ಆಕ್ಸೈಡ್ ಡಬ್ಬಿ, ಟರ್ಪೆಂಟೈನ್ ಬಾಟಲಿ, ಎಮರಿ ಪೇಪರ್ ಅಂತ ಎಲ್ಲರ ಕೈಯಲ್ಲೂ ಒಂದೊಂದು ಚೀಟಿ. ಗೇಟು, ಕಿಟಕಿ ಗ್ರಿಲ್ಲು, ಮಾಳಿಗೆ ಮೇಲಿನ ನೀರಿನ ಟ್ಯಾಂಕಿನ ಸ್ಟ್ಯಾಂಡು, ಎಲ್ಲದರ ಮೇಲೂ ತುಕ್ಕು ಎದ್ದಿರುತ್ತದೆ. ಬಣ್ಣ ಹಚ್ಚುವುದು ಸುಲಭ. ತುಕ್ಕು ತೆಗೆಯುವುದೇ ಕಷ್ಟ. ಎಮರಿ ಪೇಪರ್ ಹಿಡಿದು ಕೈಯಲ್ಲಿ ಉಜ್ಜುತ್ತಾ ಕೂತರೆ ಒಂದು ಗೇಟಿಗೆ ಎರಡು ದಿನ ಬೇಕು, ಭುಜ ಬೇರೆ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಡ್ರಿಲ್ ಮಷಿನ್ ಇದ್ದರೆ ಅದಕ್ಕೊಂದು ತಂತಿ ಬ್ರಷ್ ಸಿಕ್ಕಿಸಿ ಅರ್ಧ ದಿನದಲ್ಲಿ ಮುಗಿಸಬಹುದು. ಆದರೆ ಯಾವ ಬ್ರಷ್?

ನಾಲ್ಕು ವರ್ಷದ ಹಿಂದೆ ನಾನು ಯಾರನ್ನೂ ಕೇಳದೆ ಆರು ಬ್ರಷ್‌ಗಳ ಒಂದು ಸೆಟ್ ತಂದೆ. ಒಂದು ಒಳ್ಳೇ ಬ್ರಷ್‌ನ ರೇಟಿಗೆ ಆರು ಸಿಕ್ಕಿತಲ್ಲ ಅಂತ ಖುಷಿಯಾಗಿತ್ತು. ಮೊದಲನೇ ಕಿಟಕಿ ಮುಗಿಯುವ ಮುಂಚೆಯೇ ಕಪ್ ಆಕಾರದ ಬ್ರಷ್ ಅರ್ಧ ಬೋಳಾಯಿತು. ಹೊಟ್ಟೆಯ ಹತ್ತಿರ ಏನೋ ಚುರ್ ಅಂದಿತು. ನೋಡಿದರೆ ಉದುರಿದ ತಂತಿಯೊಂದು ಅಂಗಿ ದಾಟಿ ಚರ್ಮಕ್ಕೆ ನೆಟ್ಟಿತ್ತು. ಸೂಜಿಗಿಂತ ಸಣ್ಣದು, ಒಂದು ಇಂಚೂ ಉದ್ದ ಇಲ್ಲ. ಚಿಮಟದಲ್ಲಿ ಕಿತ್ತಾಗ ಒಂದೇ ಒಂದು ಹನಿ ರಕ್ತ ಬಂತು, ಅಷ್ಟೇ. ಆದರೆ ಆವತ್ತು ನನ್ನ ಕಣ್ಣಿಗೆ ಕನ್ನಡಕ ಇರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗಂತ ಜಾಸ್ತಿ ದುಡ್ಡು ಕೊಟ್ಟರೆ ಮಾತ್ರ ಒಳ್ಳೆಯದು ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಈಗ ನನ್ನ ಹತ್ತಿರ ಇರುವ ಎರಡೂ ಬ್ರಷ್ ಸೇರಿಸಿದರೂ ಮುನ್ನೂರು ರೂಪಾಯಿ ದಾಟುವುದಿಲ್ಲ. ಆರಿಸುವುದು ಗೊತ್ತಿರಬೇಕು.

ಅಂಗಡಿಗೆ ಹೋಗುವ ಮುಂಚೆ ಡ್ರಿಲ್ ನೋಡಿ

ಮಷಿನ್‌ನ ಪಕ್ಕದಲ್ಲಿ ಒಂದು ಸ್ಟಿಕ್ಕರ್ ಅಥವಾ ತಗಡಿನ ಪಟ್ಟಿ ಇರುತ್ತದೆ. ಧೂಳು ಒರೆಸಿ ಓದಿ. ಅದರಲ್ಲಿ ಎರಡು ಅಂಕಿ ಬೇಕು. ಒಂದು ಚಕ್‌ನ ಅಳತೆ, ಅಂದರೆ ಮಷಿನ್‌ನ ಮೂತಿಯಲ್ಲಿರುವ ಹಿಡಿತ ಎಷ್ಟು ದಪ್ಪದ ಕಡ್ಡಿ ಹಿಡಿಯುತ್ತದೆ ಅನ್ನುವುದು. ಸಾಮಾನ್ಯವಾಗಿ 10 ಅಥವಾ 13 ಮಿ.ಮೀ. ಇರುತ್ತದೆ. ಡ್ರಿಲ್‌ಗೆಂದೇ ಮಾಡಿದ ಬ್ರಷ್‌ನ ಕಡ್ಡಿ, ಅಂದರೆ ಶ್ಯಾಂಕ್, 6 ಮಿ.ಮೀ. ಅಥವಾ ಕಾಲು ಇಂಚು ದಪ್ಪ ಇರುತ್ತದೆ. ಹಾಗಾಗಿ ಎರಡೂ ಚಕ್‌ಗೆ ಆರಾಮಾಗಿ ಕೂರುತ್ತದೆ.

ಇನ್ನೊಂದು ಅಂಕಿ ಮುಖ್ಯ. ಲೋಡ್ ಇಲ್ಲದೆ ಮಷಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಆರ್‌ಪಿಎಂ. ಮನೆಬಳಕೆಯ 13 ಮಿ.ಮೀ. ಇಂಪ್ಯಾಕ್ಟ್ ಡ್ರಿಲ್‌ಗಳಲ್ಲಿ ಇದು 2800ರಿಂದ 3000ದ ಆಸುಪಾಸು. ಬ್ರಷ್‌ನ ಮೇಲೂ ಅದು ತಡೆಯುವ ಗರಿಷ್ಠ ಆರ್‌ಪಿಎಂ ಬರೆದಿರಬೇಕು. ಡ್ರಿಲ್ ಬ್ರಷ್‌ಗಳ ಮೇಲೆ 4500 ಅಂತ ಇರುವುದು ಸಾಮಾನ್ಯ. ಬ್ರಷ್‌ನ ಅಂಕಿ ಮಷಿನ್‌ನ ಅಂಕಿಗಿಂತ ದೊಡ್ಡದಿರಬೇಕು, ಇಷ್ಟೇ ಲೆಕ್ಕ. ಬ್ರಷ್ ಮೇಲಾಗಲಿ ಪೊಟ್ಟಣದ ಮೇಲಾಗಲಿ ಯಾವ ಅಂಕಿಯೂ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ. ಅದರ ಬೆಲೆ ಕೇಳುವುದೇ ಬೇಡ.

ಈ ಅಂಕಿಯ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಬಹಳ ಜನರ ಹತ್ತಿರ ಕಬ್ಬಿಣ ಕತ್ತರಿಸುವ, ಉಜ್ಜುವ ನಾಲ್ಕು ಇಂಚಿನ ಆ್ಯಂಗಲ್ ಗ್ರೈಂಡರ್ ಕೂಡ ಇರುತ್ತದೆ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 75 ಮಿ.ಮೀ. ವ್ಯಾಸದ, ಚಕ್ರದ ಆಕಾರದ ಒಂದು ಬ್ರಷ್ ಇದೆ ಅಂದುಕೊಳ್ಳಿ. ಡ್ರಿಲ್‌ನಲ್ಲಿ 2800 ಸುತ್ತಿಗೆ ಅದರ ತಂತಿಯ ತುದಿ ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. ಅದನ್ನೇ ಗ್ರೈಂಡರ್‌ಗೆ ಹಾಕಿದರೆ 43 ಮೀಟರ್. ವೇಗ ಏರಿದ್ದು ನಾಲ್ಕು ಪಟ್ಟು. ಆದರೆ ತಂತಿಯನ್ನು ಬುಡದಿಂದ ಹೊರಕ್ಕೆ ಎಳೆಯುವ ಬಲ ಏರುವುದು ಹದಿನೈದು ಪಟ್ಟು. ಡ್ರಿಲ್‌ಗೆ ಮಾಡಿದ ಬ್ರಷ್‌ಗೆ ಅದನ್ನು ತಡೆಯುವ ಶಕ್ತಿ ಇಲ್ಲ. ಅಡಾಪ್ಟರ್ ಹಾಕಿ ಗ್ರೈಂಡರ್‌ಗೆ ಸಿಕ್ಕಿಸುವ ಯೋಚನೆ ಬಂದರೆ ದಯವಿಟ್ಟು ಬಿಟ್ಟುಬಿಡಿ.

ಬ್ಯಾಟರಿ ಡ್ರಿಲ್ ಇರುವವರಿಗೆ ಒಂದು ಮಾತು. ಅದರ ವೇಗ ಕಡಿಮೆ, ಎಷ್ಟೋ ಮಷಿನ್‌ಗಳಲ್ಲಿ ದೊಡ್ಡ ಗೇರ್‌ನಲ್ಲೂ 1300, 1500ರ ಸುತ್ತಮುತ್ತ. ಸಣ್ಣ ಬ್ರಷ್, ಸಣ್ಣ ಕೆಲಸ ಆದರೆ ಸರಿ. ಇಡೀ ಗೇಟ್ ಉಜ್ಜಲು ಹೊರಟರೆ ಬ್ಯಾಟರಿ ಮಧ್ಯದಲ್ಲೇ ಕೈಕೊಡುತ್ತದೆ.

ಅಂಗಡಿಯಲ್ಲಿ ಏನಂತ ಕೇಳಬೇಕು

"ಅಣ್ಣಾ, ಡ್ರಿಲ್ ಮಷಿನ್ನಿಗೆ ಬ್ರಷ್ ಕೊಡ್ರಿ" ಅಂದರೆ ಅಂಗಡಿ ಹುಡುಗ "ಯಾವ ಕಂಪ್ನಿ ಮಷಿನ್ ರೀ?" ಅಂತ ಕೇಳುತ್ತಾನೆ. ಆಮೇಲೆ ಸಣ್ಣ ಪೊಟ್ಟಣದಲ್ಲಿ ಎರಡು ಕಪ್ಪು ತುಂಡು ತಂದುಕೊಡುತ್ತಾನೆ. ಅದು ಕಾರ್ಬನ್ ಬ್ರಷ್, ಮೋಟರ್‌ನ ಒಳಗೆ ಹಾಕುವುದು. ಅವನ ತಪ್ಪೇನಿಲ್ಲ, ದಿನಾ ಕೇಳುವವರು ಅದನ್ನೇ ಕೇಳುತ್ತಾರೆ. "ತುಕ್ಕು ತೆಗೆಯೋ ವೈರ್ ಬ್ರಷ್, ಡ್ರಿಲ್ ಚಕ್ಕಿಗೆ ಹಾಕೋದು, ಶ್ಯಾಂಕ್ ಇರೋದು" ಅನ್ನಿ. ಶ್ಯಾಂಕ್ ಅನ್ನುವ ಮಾತು ಬಿಡಬೇಡಿ. ಬಿಟ್ಟರೆ ನಡುವೆ ತಿರುಪು ಎಳೆ (ಥ್ರೆಡ್) ಇರುವ ತೂತಿನ ಬ್ರಷ್ ಕೊಡುತ್ತಾರೆ. ಅದು ಗ್ರೈಂಡರ್‌ನದು, ಡ್ರಿಲ್‌ಗೆ ಕೂರುವುದಿಲ್ಲ. ಅದಕ್ಕೊಂದು ಬೋಲ್ಟ್ ಹಾಕಿ ಡ್ರಿಲ್‌ಗೆ ಸಿಕ್ಕಿಸಿ ಅನ್ನುವವರೂ ಇದ್ದಾರೆ. ಬೋಲ್ಟ್ ಸ್ವಲ್ಪ ವಾಲಿದರೂ ಬ್ರಷ್ ಅದುರುತ್ತದೆ, ಕೈ ಜೋಮು ಹಿಡಿಯುತ್ತದೆ, ಮಷಿನ್‌ನ ಬೇರಿಂಗ್ ಹಾಳಾಗುತ್ತದೆ.

ಆಕಾರ: ನಿಮ್ಮ ಕಬ್ಬಿಣ ಹೇಗಿದೆಯೋ ಹಾಗೆ

ಮೂರು ಆಕಾರ ಸಿಗುತ್ತವೆ. ಬಟ್ಟಲು ಬೋರಲು ಹಾಕಿದ ಹಾಗೆ ಇರುವುದು ಕಪ್ ಬ್ರಷ್. ಗಾಡಿ ಚಕ್ರದ ಹಾಗೆ ಸುತ್ತಲೂ ತಂತಿ ಇರುವುದು ವೀಲ್ ಬ್ರಷ್. ಕುಂಚದ ಹಾಗೆ ತುದಿಯಲ್ಲಿ ಮಾತ್ರ ತಂತಿ ಇರುವುದು ಎಂಡ್ ಬ್ರಷ್. ಈ ಕೊನೆಯದನ್ನು ಪೆನ್ ಬ್ರಷ್ ಅಂತಲೂ ಕರೆಯುತ್ತಾರೆ.

ಚಪ್ಪಟೆ ಜಾಗಕ್ಕೆ ಕಪ್ ಬ್ರಷ್. ಗೇಟಿನ ಶೀಟು, ಟ್ಯಾಂಕ್ ಸ್ಟ್ಯಾಂಡಿನ ಆ್ಯಂಗಲ್, ಟ್ರ್ಯಾಕ್ಟರ್ ಟ್ರೈಲರ್‌ನ ಪಕ್ಕದ ತಗಡು, ಇವಕ್ಕೆಲ್ಲ ಇದೇ ಸಾಕು. ಡ್ರಿಲ್‌ಗೆ 50 ಮಿ.ಮೀ. ಅಳತೆ ಹದವಾಗಿರುತ್ತದೆ. 75ರ ಕಪ್ ಕೊಂಡರೆ ಕೆಲಸ ಬೇಗ ಆಗುತ್ತದೆ ಅನ್ನಿಸಬಹುದು. ಆದರೆ ಸಣ್ಣ ಡ್ರಿಲ್ ಅದನ್ನು ತಿರುಗಿಸಲು ಹೆಣಗುತ್ತದೆ, ಮೋಟರ್ ಕಾಯುತ್ತದೆ. ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ ಕಡಿಮೆ ಇರುವ ಹೊತ್ತಿನಲ್ಲಂತೂ ಇನ್ನೂ ಜಾಸ್ತಿ ಕಾಯುತ್ತದೆ.

ವೀಲ್ ಬ್ರಷ್ ಇರುವುದು ಅಂಚು, ಮೂಲೆ, ವೆಲ್ಡಿಂಗ್ ಗೆರೆ, ಎರಡು ಸರಳಿನ ನಡುವಿನ ಸಂದಿಗೆ. 75 ಮಿ.ಮೀ. ಸಾಕು. ಇದರಲ್ಲಿ ಒಂದು ತೊಡಕಿದೆ. ಡ್ರಿಲ್ ಮಷಿನ್ ಮಾಡಿರುವುದು ಮುಂದಕ್ಕೆ ಒತ್ತಲು. ವೀಲ್ ಬ್ರಷ್ ಹಾಕಿ ಪಕ್ಕಕ್ಕೆ ಒತ್ತಿದರೆ ಆ ಭಾರವೆಲ್ಲ ಬೇರಿಂಗ್ ಮೇಲೆ ಬೀಳುತ್ತದೆ. ಮೆಲ್ಲಗೆ ತಾಗಿಸಿ ಕೆಲಸ ಮಾಡಿದರೆ ಏನೂ ಆಗುವುದಿಲ್ಲ, ಬಲ ಹಾಕಿದರೆ ಮಷಿನ್‌ನ ಆಯಸ್ಸು ಕಡಿಮೆಯಾಗುತ್ತದೆ.

ಪೆನ್ ಬ್ರಷ್ ನೋಡಲು ಸಣ್ಣದು. ಆದರೆ ಹಳೇ ಮನೆಗಳ ಕಿಟಕಿ ಗ್ರಿಲ್ ಇರುವವರಿಗೆ ಇದರಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ. ನಮ್ಮ ಮನೆಯ ಗ್ರಿಲ್ಲಿನಲ್ಲಿ ಬಳ್ಳಿ ಸುತ್ತಿದ ಹಾಗೆ ಪಟ್ಟಿ ಬಗ್ಗಿಸಿ ವೆಲ್ಡ್ ಮಾಡಿದ್ದಾರೆ. ಪಟ್ಟಿ ಸರಳಿಗೆ ಸೇರುವ ಜಾಗದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸಂದಿ. ಮಳೆನೀರು ನಿಲ್ಲುವುದು ಅಲ್ಲೇ, ತುಕ್ಕು ಶುರುವಾಗುವುದೂ ಅಲ್ಲೇ. ಕಪ್ ಬ್ರಷ್ ಅಲ್ಲಿಗೆ ಇಳಿಯುವುದೇ ಇಲ್ಲ. ಎಮರಿ ಪೇಪರ್ ಮಡಚಿ ತೂರಿಸಿದರೆ ಹರಿಯುತ್ತದೆ. ಪೆನ್ ಬ್ರಷ್‌ನ ತುದಿ ಇಟ್ಟು ಮೂರು ಎಣಿಸುವಷ್ಟರಲ್ಲಿ ಕೆಂಪು ಪುಡಿ ಉದುರಿ ಒಳಗಿನ ಬೂದು ಬಣ್ಣದ ಕಬ್ಬಿಣ ಕಾಣಿಸುತ್ತದೆ. ಬೋಲ್ಟ್‌ನ ತಿರುಪು ಎಳೆ, ಪೈಪಿನ ಬಾಯಿ, ಗೇಟಿನ ಕೀಲು, ಇವಕ್ಕೂ ಇದೇ.

ತಂತಿ: ಇಲ್ಲೇ ಜನ ಎಡವುವುದು

ಮೊದಲು ತಂತಿಯ ಹೆಣಿಗೆ ನೋಡಿ. ಒಂದು ಬಗೆಯಲ್ಲಿ ತಂತಿಗಳು ಗುಂಗುರು ಕೂದಲಿನ ಹಾಗೆ ಅಲೆ ಅಲೆಯಾಗಿ ಬಿಡಿಬಿಡಿ ಇರುತ್ತವೆ. ಇನ್ನೊಂದು ಬಗೆಯಲ್ಲಿ ಗೊಂಚಲು ಗೊಂಚಲಾಗಿ ಜಡೆ ಹಾಕಿದ ಹಾಗೆ ಬಿಗಿಯಾಗಿ ತಿರುಚಿರುತ್ತಾರೆ. ಗುಂಗುರು ತಂತಿ ಮೆತ್ತಗೆ, ಮನೆಯ ಗೇಟು, ಗ್ರಿಲ್ಲಿಗೆ ಅದೇ ಸರಿ. ಜಡೆಯದು ಒರಟು. ವೆಲ್ಡಿಂಗ್ ಸಿಡಿತ, ದಪ್ಪ ಪದರದ ತುಕ್ಕು, ಗದ್ದೆ ಕೆಸರಿನಲ್ಲಿ ಓಡಾಡಿದ ಟ್ರ್ಯಾಕ್ಟರ್‌ನ ಕಬ್ಬಿಣದ ಕೇಜ್ ವೀಲ್, ಮಣ್ಣು ಪುಡಿ ಮಾಡುವ ರೋಟವೇಟರ್ ಇವಕ್ಕೆ ಬೇಕಾಗುತ್ತದೆ. ಭದ್ರಾ ನಾಲೆಯ ಕಡೆಯ ರೈತರಿಗೆ ಇದರ ಉಪಯೋಗ ಜಾಸ್ತಿ. ತೆಳುವಾದ ತಗಡಿಗೆ ಇದನ್ನು ಹಾಕಿದರೆ ಗೀರು ಬೀಳುತ್ತದೆ.

ತಂತಿಯ ದಪ್ಪವನ್ನೂ ಕೆಲವು ಪೊಟ್ಟಣಗಳ ಮೇಲೆ ಬರೆದಿರುತ್ತಾರೆ. 0.3 ಮಿ.ಮೀ. ಆಸುಪಾಸು ಇದ್ದರೆ ಮನೆ ಕೆಲಸಕ್ಕೆ ಹದ. 0.5 ಅಂದರೆ ಒರಟು.

ಇನ್ನು ಲೋಹ. ಸಾದಾ ಉಕ್ಕಿನ ತಂತಿ ಎಲ್ಲಕ್ಕಿಂತ ಅಗ್ಗ, ಸಾದಾ ಕಬ್ಬಿಣದ ಗೇಟಿಗೆ ಅದೇ ಒಳ್ಳೆಯದು. ಬಂಗಾರದ ಬಣ್ಣದ ತಂತಿ ಕಂಡರೆ ಹಿತ್ತಾಳೆ ಅಂದುಕೊಳ್ಳಬೇಡಿ. ಅಗ್ಗದ ಬ್ರಷ್‌ಗಳಲ್ಲಿ ಅದು ಬಹುಪಾಲು ಉಕ್ಕೇ, ಮೇಲೆ ಹಿತ್ತಾಳೆಯ ಲೇಪ ಇರುತ್ತದೆ, ಬ್ರಷ್‌ಗೆ ತುಕ್ಕು ಹಿಡಿಯದಿರಲಿ ಅಂತ. ಜೇಬಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಹಳೇ ಸ್ಪೀಕರ್‌ನದು ಆದರೂ ನಡೆಯುತ್ತದೆ. ತಂತಿಗೆ ಅಂಟಿಕೊಂಡರೆ ಒಳಗೆ ಉಕ್ಕು. ಅಂಟದಿದ್ದರೆ ನಿಜವಾದ ಹಿತ್ತಾಳೆ. ಕಬ್ಬಿಣದ ಕೆಲಸಕ್ಕೆ ಲೇಪದ್ದು ಸಾಕು, ಅದಕ್ಕೆ ಹಿತ್ತಾಳೆಯ ರೇಟು ಮಾತ್ರ ಕೊಡಬೇಡಿ.

ಸ್ಟೇನ್‌ಲೆಸ್ ಸ್ಟೀಲ್‌ಗೆ ಸಾದಾ ಉಕ್ಕಿನ ಬ್ರಷ್ ತಾಗಿಸಲೇಬಾರದು. ಇದನ್ನು ನಾನು ನನ್ನ ಅಕ್ಕನ ಮನೆಯಲ್ಲಿ ಕಲಿತೆ. ಮೆಟ್ಟಿಲ ಸ್ಟೀಲ್ ರೇಲಿಂಗ್ ಮೇಲೆ ಸಿಮೆಂಟಿನ ಕಲೆ ಇತ್ತು. ಅದನ್ನು ತೆಗೆದುಕೊಡು ಅಂದಳು. ಗೇಟಿಗೆ ಬಳಸಿದ ಬ್ರಷ್ಷೇ ಮಷಿನ್‌ನಲ್ಲಿತ್ತು, ಹಾಗೇ ಉಜ್ಜಿದೆ. ಕಲೆ ಹೋಯಿತು, ಅಕ್ಕ ಕಾಫಿ ಕೊಟ್ಟಳು. ಹದಿನೈದು ದಿನ ಬಿಟ್ಟು ಫೋನ್ ಮಾಡಿ, "ಏನೋ ಇದು, ಸ್ಟೀಲಿಗೆ ತುಕ್ಕು ಬಂದೈತಲ್ಲೋ" ಅಂದಳು. ಉಜ್ಜಿದಾಗ ಬ್ರಷ್‌ನ ಉಕ್ಕಿನ ಕಣಗಳು ರೇಲಿಂಗ್‌ಗೆ ಮೆತ್ತಿಕೊಂಡಿದ್ದವು. ತುಕ್ಕು ಹಿಡಿದದ್ದು ಆ ಕಣಗಳಿಗೆ. ಅಕ್ಕನ ಮುಖ ನೋಡಲು ನಾಚಿಕೆಯಾಯಿತು. ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ತಂತಿಯ ಬ್ರಷ್ಷೇ ಬೇಕು. ಅದೂ ಬೇರೆ ಕಬ್ಬಿಣಕ್ಕೆ ಬಳಸದೆ ಪ್ರತ್ಯೇಕ ಇಟ್ಟದ್ದು ಆಗಬೇಕು. ಅಲ್ಯೂಮಿನಿಯಂ ಕಿಟಕಿಗೂ ಸಾದಾ ಉಕ್ಕು ಬೇಡ.

ಜಿಂಕ್ ಲೇಪದ ಜಿಐ ಶೀಟು, ಜಿಐ ಪೈಪಿಗೆ ತಂತಿ ಬ್ರಷ್ ಹಾಕಿದರೆ ತುಕ್ಕಿನ ಜೊತೆ ಲೇಪವೂ ಹೋಗುತ್ತದೆ. ತುಕ್ಕು ಕಂಡ ಜಾಗಕ್ಕೆ ಮಾತ್ರ ಮೆಲ್ಲಗೆ ತಾಗಿಸಿ. ಮರಕ್ಕೆ, ಮೆತ್ತನೆ ಲೋಹಕ್ಕೆ ನೈಲಾನ್ ಎಳೆಯ ಬ್ರಷ್ ಸಿಗುತ್ತದೆ, ಎಳೆಯೊಳಗೇ ಉಜ್ಜುವ ಪುಡಿ ಬೆರೆಸಿರುತ್ತಾರೆ. ಪೂಜೆಯ ಹಿತ್ತಾಳೆ ದೀಪಕ್ಕೆ ಯಾವ ಬ್ರಷ್ಷೂ ಬೇಡ, ಹುಣಸೆಹಣ್ಣು ಸಾಕು.

ದೋಸೆ ಕಾವಲಿ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಬೆಣ್ಣೆದೋಸೆಯ ಊರು ನಮ್ಮದು. ಮನೆಯಲ್ಲಿ ಹಳೇ ಕಬ್ಬಿಣದ ಕಾವಲಿ ಇದ್ದೇ ಇರುತ್ತದೆ. ಅದರ ಮೇಲಿನ ಕರಿ ತೆಗೆಯಲು ಡ್ರಿಲ್ ಬ್ರಷ್ ಹಾಕುವುದು ಸುಲಭ ಅನ್ನಿಸುತ್ತದೆ. ದಯವಿಟ್ಟು ಹಾಕಬೇಡಿ. ಮುರಿದ ತಂತಿಯ ಒಂದು ಚೂರು ಕರಿಯಲ್ಲಿ ಸಿಕ್ಕಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ. ಅದು ದೋಸೆಗೆ ಅಂಟಿ ಬಂದು ಗಂಟಲಲ್ಲಿ ನಿಂತರೆ ಆಸ್ಪತ್ರೆಗೆ ಓಡಬೇಕು. ಮಂಡಕ್ಕಿ ಹುರಿಯುವ ಬಾಣಲೆಗೂ ಇದೇ ಮಾತು. ತಿನ್ನುವ ಪದಾರ್ಥ ತಾಗುವ ಯಾವ ಪಾತ್ರೆಗೂ ಈ ಬ್ರಷ್ ಬೇಡ.

ಕೌಂಟರ್ ಮುಂದೆ ಮಾಡುವ ಪರೀಕ್ಷೆ

"ಸಾವ್ಕಾರ್ರೆ, ಪಾಕೀಟು ಬಿಚ್ಚಿ ನೋಡ್ಲಾ?" ಅಂತ ಕೇಳಿ. ಒಳ್ಳೇ ಅಂಗಡಿಯವರು ಬೇಡ ಅನ್ನುವುದಿಲ್ಲ. "ನೋಡ್ರಿ, ದುಡ್ಡು ಕೊಡೋರು ನೀವು" ಅಂತಾರೆ.

ಶ್ಯಾಂಕ್ ಗುಂಡಗಿದ್ದರೆ ಅದನ್ನು ಗಾಜಿನ ಕೌಂಟರ್ ಮೇಲೆ ಮಲಗಿಸಿ ಉರುಳಿಸಿ. ಬ್ರಷ್‌ನ ಭಾಗ ಅಂಚಿನಿಂದ ಆಚೆ ಇರಲಿ. ಕಡ್ಡಿ ನೆಟ್ಟಗಿದ್ದರೆ ಬ್ರಷ್ ಸಮವಾಗಿ ತಿರುಗುತ್ತದೆ. ಸೊಟ್ಟ ಇದ್ದರೆ ಕುಂಟಿದ ಹಾಗೆ ಎದ್ದು ಬೀಳುತ್ತದೆ, ತಕ್ಷಣ ಗೊತ್ತಾಗುತ್ತದೆ. ಆರು ಮೂಲೆಯ ಶ್ಯಾಂಕ್ ಆದರೆ ಉರುಳುವುದಿಲ್ಲ, ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ಕಣ್ಣಳತೆ ನೋಡಿ. ಚಕ್‌ನಲ್ಲಿ ಜಾರದೆ ಕೂರುವುದು ಆರು ಮೂಲೆಯದೇ. ಕೀ ಇಲ್ಲದೆ ಕೈಯಲ್ಲೇ ತಿರುಗಿಸಿ ಬಿಗಿ ಮಾಡುವ ಚಕ್ ಇರುವವರು ಅದನ್ನೇ ಕೊಳ್ಳಿ.

ಆಮೇಲೆ ಕಪ್‌ನ ಒಳಗೆ ನೋಡಿ. ತಂತಿಗಳ ಬುಡವನ್ನು ಒಂದು ತಗಡಿನ ಬಳೆ ಸುತ್ತಲೂ ಒಂದೇ ಸಮ ಕಚ್ಚಿ ಹಿಡಿದಿರಬೇಕು. ಒಂದು ಕಡೆ ಒತ್ತು, ಒಂದು ಕಡೆ ಸಡಿಲ ಇದ್ದರೆ ತಂತಿ ಉದುರುವುದು ಅಲ್ಲಿಂದಲೇ. ಎರಡು ಮೂರು ಜಾಗದಲ್ಲಿ ನಾಲ್ಕೈದು ತಂತಿ ಹಿಡಿದು ಎಳೆಯಿರಿ. ಒಂದೂ ಬರಬಾರದು. ಬಿಳಿ ಕಾಗದದ ಮೇಲೆ ಬ್ರಷ್ ಹಿಡಿದು ಬೆರಳಿನಿಂದ ಮೀಟಿ ನೋಡಿ. ಕತ್ತರಿಸಿದಾಗ ಉಳಿದ ಒಂದೆರಡು ಚೂರು ಉದುರಿದರೆ ಪರವಾಗಿಲ್ಲ. ಉದ್ದನೆಯ ಇಡೀ ತಂತಿ ಉದುರಿದರೆ ಬೇಡ.

ಶ್ಯಾಂಕ್ ಕಪ್‌ಗೆ ಸೇರುವ ಜಾಗವನ್ನೂ ಅಲ್ಲಾಡಿಸಿ ನೋಡಿ. ಒಂದು ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಓಡುವಾಗ ಅದು ದೊಡ್ಡ ಅದುರು ಆಗುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಇದ್ಯಾವುದೂ ಸಾಧ್ಯ ಇಲ್ಲ. ಅದಕ್ಕೇ ಈ ಒಂದು ಸಾಮಾನು ಊರಿನ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಕೊಳ್ಳುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ದುಡ್ಡಿನ ಲೆಕ್ಕ

ಸೆಟ್ ಬೇಡ. ಮನೆಯ ಗೇಟು, ಗ್ರಿಲ್ ಕೆಲಸ ಮಾತ್ರ ಇದ್ದರೆ 50 ಮಿ.ಮೀ. ಗುಂಗುರು ತಂತಿಯ ಕಪ್ ಒಂದು, ಪೆನ್ ಬ್ರಷ್ ಒಂದು ಕೊಳ್ಳಿ. ವೀಲ್ ಬ್ರಷ್ ಬೇಕು ಅಂತ ಅನ್ನಿಸಿದ ದಿನ ಅದನ್ನು ತಂದರಾಯಿತು. ಹೊಲದ ಸಾಮಾನು ಇರುವವರು ಗುಂಗುರು ತಂತಿಯ ಕಪ್ ಬದಲು ಜಡೆ ತಂತಿಯ ಕಪ್ ನೋಡಿ. ಉಳಿದ ದುಡ್ಡನ್ನು ಕನ್ನಡಕಕ್ಕೆ ಹಾಕಿ. ನನ್ನ ಮಟ್ಟಿಗೆ ಬ್ರಷ್‌ಗಿಂತ ಮೊದಲು ಕೊಳ್ಳಬೇಕಾದದ್ದು ಅದು.

ಸ್ವಿಚ್ ಒತ್ತುವ ಮುಂಚೆ

ಕಣ್ಣಿನ ಪಕ್ಕವೂ ಮುಚ್ಚುವಂಥ ಸೇಫ್ಟಿ ಕನ್ನಡಕ ಬೇಕು. ಓದುವ ಕನ್ನಡಕ, ತಂಪು ಕನ್ನಡಕ ಲೆಕ್ಕಕ್ಕಿಲ್ಲ. ಐಎಸ್ 5983 (ಕಣ್ಣಿನ ರಕ್ಷಣೆಯ ಸಾಧನಗಳ ಭಾರತೀಯ ಮಾನದಂಡ) ಅಂತ ನಮೂದಿಸಿರುವುದು ಸಿಕ್ಕರೆ ಒಳ್ಳೆಯದು. ಮೂಗಿಗೆ ಸಣ್ಣ ಧೂಳು ತಡೆಯುವ ಎಫ್‌ಎಫ್‌ಪಿ2 ಮಾಸ್ಕ್. ತುಂಬುತೋಳಿನ ದಪ್ಪ ಅಂಗಿ, ಪ್ಯಾಂಟು, ಮುಚ್ಚಿದ ಚಪ್ಪಲಿ ಅಥವಾ ಶೂ.

ಲುಂಗಿ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಈ ಕೆಲಸಕ್ಕೆ ಇಳಿಯುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ತಿರುಗುವ ತಂತಿ ಬಟ್ಟೆಯ ಒಂದು ಎಳೆ ಹಿಡಿದರೆ ಸಾಕು, ಉಳಿದದ್ದನ್ನೆಲ್ಲ ಸುತ್ತಿಕೊಂಡು ಮಷಿನ್ ಮೈಮೇಲೇ ಬರುತ್ತದೆ. ಸೆರಗು, ದುಪಟ್ಟಾ, ಬಿಟ್ಟ ಜಡೆ, ಕತ್ತಿನ ಸರ ಎಲ್ಲವೂ ಅಷ್ಟೇ. ಸಡಿಲವಾದ ಹತ್ತಿ ಕೈಗವಸೂ ಬೇಡ. ಹಾಕುವುದಾದರೆ ಬೆರಳಿಗೆ ಬಿಗಿಯಾಗಿ ಕೂರುವ ಚರ್ಮದ್ದು ಹಾಕಿ.

ಹಳೇ ಬಣ್ಣದ ಬಗ್ಗೆ ಎಚ್ಚರ ಇರಲಿ. ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಇರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣ ಗ್ರಿಲ್ ಮೇಲಿದ್ದರೆ ಅದರಲ್ಲಿ ಸೀಸ ಇರಬಹುದು. ಬ್ರಷ್ ಅದನ್ನು ಪುಡಿ ಮಾಡಿ ಗಾಳಿಗೆ ಬಿಡುತ್ತದೆ. ಸಣ್ಣ ಮಕ್ಕಳಿಗೆ, ಬಸುರಿಯರಿಗೆ ಆ ಧೂಳು ತುಂಬಾ ಕೆಟ್ಟದ್ದು. ಅಂಥ ಕಡೆ ಪೇಂಟ್ ರಿಮೂವರ್ ಹಚ್ಚಿ ಬಣ್ಣವನ್ನು ಹೆರೆದು ತೆಗೆಯಿರಿ. ಬ್ರಷ್ ಅನ್ನು ಬರೀ ತುಕ್ಕಿಗೆ ಉಳಿಸಿ. ದಪ್ಪ ಬಣ್ಣಕ್ಕೆ ಹೇಗೂ ತಂತಿ ಬ್ರಷ್ ಸರಿಹೋಗುವುದಿಲ್ಲ, ಬಿಸಿಗೆ ಬಣ್ಣ ಕರಗಿ ತಂತಿಗೇ ಮೆತ್ತಿಕೊಳ್ಳುತ್ತದೆ.

ಬೈಕಿನ ಪೆಟ್ರೋಲ್ ಟ್ಯಾಂಕ್, ಗ್ಯಾಸ್ ಸಿಲಿಂಡರ್ ಹತ್ತಿರವೂ ಹೋಗಬೇಡಿ. ಉಕ್ಕಿನ ತಂತಿ ಕಿಡಿ ಹಾರಿಸುತ್ತದೆ.

ಕೆಲಸ ಮಾಡುವ ರೀತಿ

ಪ್ಲಗ್ ತೆಗೆದೇ ಬ್ರಷ್ ಹಾಕಿ. ಶ್ಯಾಂಕ್ ಚಕ್‌ನೊಳಗೆ ಆದಷ್ಟು ಒಳಗೆ ಹೋಗಲಿ. ಚಕ್ ಕೀಯನ್ನು ಮೂರೂ ತೂತಿಗೆ ಒಂದೊಂದಾಗಿ ಹಾಕಿ ಬಿಗಿ ಮಾಡಿ. ಒಂದೇ ತೂತಿನಲ್ಲಿ ಬಿಗಿ ಮಾಡಿದರೆ ಹಿಡಿತ ಸಮ ಇರುವುದಿಲ್ಲ. ಕೀ ತೆಗೆದು ಪಕ್ಕಕ್ಕಿಡಿ. ಹ್ಯಾಮರ್ ಗುರುತು ಬಿಟ್ಟು ಬರೀ ಡ್ರಿಲ್ ಗುರುತಿಗೆ ಗುಂಡಿ ತಿರುಗಿಸಿ. ಹ್ಯಾಮರ್‌ನಲ್ಲಿ ಓಡಿಸಿದರೆ ಆ ಬಡಿತಕ್ಕೆ ತಂತಿಗಳ ಬುಡ ಸಡಿಲವಾಗುತ್ತದೆ.

ಮೊದಲ ಒಂದು ನಿಮಿಷ ಏನಕ್ಕೂ ತಾಗಿಸದೆ, ಯಾರೂ ಇಲ್ಲದ ಗೋಡೆ ಕಡೆಗೆ ಹಿಡಿದು ಓಡಿಸಿ. ಸಡಿಲ ತಂತಿ ಇದ್ದರೆ ಅಲ್ಲೇ ಹಾರಿಹೋಗುತ್ತದೆ.

ಪದರ ಪದರವಾಗಿ ಎದ್ದ ತುಕ್ಕನ್ನು ಮೊದಲು ಚಾಣ, ಸುತ್ತಿಗೆಯಿಂದ ಕೆಡವಿ. ಅದನ್ನೂ ಬ್ರಷ್‌ನಿಂದಲೇ ತೆಗೆಯಲು ಹೋದರೆ ಬ್ರಷ್ ಬೇಗ ಸವೆಯುತ್ತದೆ. ಆಮೇಲೆ ಬ್ರಷ್ ತಾಗಿಸಿ. ಎಷ್ಟು ಒತ್ತಬೇಕು? ನಮ್ಮ ದೊಡ್ಡಪ್ಪ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು. ನಾನು ಮಷಿನ್ ಮೇಲೆ ಮೈಭಾರ ಹಾಕುವುದನ್ನು ನೋಡಿ ನಿಲ್ಲಿಸಿದರು. "ತಮ್ಮಾ, ತಂತೀದು ತುದಿ ಕೆಲ್ಸ ಮಾಡ್ಬೇಕು, ಬೆನ್ನಲ್ಲ" ಅಂದರು. ಒತ್ತಿದರೆ ತಂತಿ ಮಡಚಿಕೊಂಡು ಅದರ ಪಕ್ಕ ಕಬ್ಬಿಣಕ್ಕೆ ಸವರುತ್ತದೆ, ತುದಿ ಗೀರುವುದೇ ಇಲ್ಲ. ಮಡಚಿದ ತಂತಿ ಮುರಿದು ಹಾರುತ್ತದೆ. ಮಷಿನ್‌ನ ಶಬ್ದ ಕೇಳಿಸಿಕೊಳ್ಳಿ. ಸದ್ದು ಕುಗ್ಗಿ ಗೊರಗೊರ ಅಂದರೆ ಒತ್ತಡ ಜಾಸ್ತಿಯಾಯಿತು ಅಂತ.

ಅಂಚಿನ ಹತ್ತಿರ ಇನ್ನೊಂದು ಸೂಕ್ಷ್ಮ ಇದೆ. ತಂತಿಗಳು ಕಬ್ಬಿಣದ ಮೇಲಿಂದ ಬಂದು ಅಂಚು ದಾಟಿ ಹೊರಗೆ ಹೋಗುವ ಹಾಗೆ ಬ್ರಷ್ ಹಿಡಿಯಿರಿ. ಹೊರಗಿನಿಂದ ಬಂದು ಅಂಚಿಗೆ ಬಡಿಯುವ ಹಾಗೆ ಹಿಡಿದರೆ ಬ್ರಷ್ ಅಂಚನ್ನು ಕಚ್ಚಿಕೊಂಡು ಮಷಿನ್ ಕೈಯಿಂದ ಕಿತ್ತುಕೊಂಡ ಹಾಗೆ ಎಗರುತ್ತದೆ. ಗ್ರಿಲ್ ಸರಳುಗಳಲ್ಲಿ ಇದು ಪದೇ ಪದೇ ಆಗುತ್ತದೆ. ಪಕ್ಕದ ಹಿಡಿ ಹಾಕಿ ಎರಡೂ ಕೈಯಲ್ಲಿ ಹಿಡಿದುಕೊಳ್ಳಿ.

ಸ್ವಲ್ಪ ಹೊತ್ತಿನ ಮೇಲೆ ತಂತಿಗಳು ಒಂದೇ ಕಡೆ ವಾಲಿ ಮೊಂಡಾಗುತ್ತವೆ. ಆಗ ಮಷಿನ್ ನಿಲ್ಲಿಸಿ, ಉಲ್ಟಾ ತಿರುಗುವ ಗುಂಡಿ ಹಾಕಿ ಕೆಲಸ ಮುಂದುವರಿಸಿ. ಮೊಂಡಾದ ತುದಿಯ ಇನ್ನೊಂದು ಬದಿ ಚೂಪಾಗಿರುತ್ತದೆ, ಅದು ಕೆಲಸಕ್ಕೆ ಬರುತ್ತದೆ. ಒಂದೇ ಬ್ರಷ್ ಹೆಚ್ಚು ದಿನ ಬಾಳಿಕೆ ಬರಲು ಇದಕ್ಕಿಂತ ಸುಲಭ ದಾರಿ ಇಲ್ಲ. ಶ್ಯಾಂಕ್‌ಗೆ ಕಪ್ ಅನ್ನು ನಟ್ ಹಾಕಿ ಕೂರಿಸಿದ ಬ್ರಷ್ ಆದರೆ ಮಾತ್ರ ಉಲ್ಟಾ ಓಡಿಸಬೇಡಿ, ನಟ್ ಸಡಿಲವಾಗಬಹುದು.

ಮೋಟರ್ ಕೈಗೆ ಬಿಸಿ ತಾಗಿದರೆ ಒಮ್ಮೆಲೇ ಆಫ್ ಮಾಡಬೇಡಿ. ಅರ್ಧ ನಿಮಿಷ ಖಾಲಿ ಓಡಿಸಿ, ಒಳಗಿನ ಫ್ಯಾನ್ ತಣ್ಣಗೆ ಮಾಡುತ್ತದೆ. ಆಮೇಲೆ ಬಿಡುವು ಕೊಡಿ.

ಹೊಳೆದರೆ ಶುದ್ಧ ಆಯಿತು ಅಂತಲ್ಲ

ತಂತಿ ಬ್ರಷ್ ಕೆಲವೊಮ್ಮೆ ತುಕ್ಕನ್ನು ತೆಗೆಯುವ ಬದಲು ಅದಕ್ಕೇ ಪಾಲಿಶ್ ಮಾಡಿಬಿಡುತ್ತದೆ. ಕಂದು ಬಣ್ಣದ ಮೇಲೆ ಹೊಳಪು ಬಂದಿರುತ್ತದೆ, ಬಿಸಿಲಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಅದರ ಮೇಲೆ ಪ್ರೈಮರ್ ಹಚ್ಚಿದರೆ ಹಿಡಿಯುವುದಿಲ್ಲ, ಮುಂದಿನ ಮಳೆಗೆ ಎದ್ದು ಬರುತ್ತದೆ. ಬ್ರಷ್ ಕೆಲಸ ಮುಗಿದ ಮೇಲೆ 80 ನಂಬರ್ ಎಮರಿ ಪೇಪರ್‌ನಲ್ಲಿ ಒಂದು ಸಲ ಕೈಯಾಡಿಸಿ. ಕಬ್ಬಿಣ ಸ್ವಲ್ಪ ಒರಟಾದರೆ ಪ್ರೈಮರ್ ಕಚ್ಚಿಕೊಳ್ಳುತ್ತದೆ. ಆಮೇಲೆ ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಧೂಳು, ಜಿಡ್ಡು ಒರೆಸಿ ಒಣಗಲು ಬಿಡಿ. ರೆಡ್ ಆಕ್ಸೈಡ್ ಪ್ರೈಮರ್ ಅದೇ ದಿನ ಬೀಳಬೇಕು. ಉಜ್ಜಿದ ಕಬ್ಬಿಣವನ್ನು ಒಂದು ರಾತ್ರಿ ಇಬ್ಬನಿಗೆ ಬಿಟ್ಟರೆ ಬೆಳಗ್ಗೆ ಮತ್ತೆ ಕೆಂಪಾಗಿರುತ್ತದೆ. ಅದಕ್ಕೇ ಒಂದು ದಿನಕ್ಕೆ ಎಷ್ಟು ಪ್ರೈಮರ್ ಹಚ್ಚಲು ಆಗುತ್ತದೋ ಅಷ್ಟನ್ನೇ ಉಜ್ಜಿ.

ಬ್ರಷ್‌ನ ತಂತಿ ಮೂರನೇ ಒಂದು ಭಾಗ ಉದುರಿದರೆ, ಒಂದು ಕಡೆ ಬೋಳಾದರೆ, ಓಡುವಾಗ ಅದುರಿದರೆ ಅದನ್ನು ಎಸೆಯುವ ಹೊತ್ತು ಬಂತು. ಒಳ್ಳೆಯದನ್ನು ಒಣ ಡಬ್ಬಿಯಲ್ಲಿ, ತಂತಿ ಯಾವುದಕ್ಕೂ ಒತ್ತದ ಹಾಗೆ ಇಡಿ.

ಕೊನೆಯ ಕೆಲಸ ನೆಲದ್ದು. ಕಣ್ಣಿಗೆ ಕಾಣದ ತಂತಿ ಚೂರುಗಳು ಸುತ್ತಲೂ ಬಿದ್ದಿರುತ್ತವೆ. ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಚುಚ್ಚುತ್ತದೆ. ಹಳ್ಳಿಯಲ್ಲಿ ಇನ್ನೂ ಅಪಾಯ. ಕೊಟ್ಟಿಗೆ, ಮೇವಿನ ಬಣವೆ ಹತ್ತಿರ ಈ ಕೆಲಸ ಮಾಡಲೇಬೇಡಿ. ಹಸು, ಎಮ್ಮೆ ಮೇವಿನ ಜೊತೆ ತಂತಿ ನುಂಗಿದರೆ ಅದು ಹೊಟ್ಟೆ ಚುಚ್ಚಿ ಎದೆಯವರೆಗೂ ಹೋಗಬಹುದು. ಪೊರಕೆಗೆ ಈ ಚೂರುಗಳು ಪೂರ್ತಿ ಸಿಗುವುದಿಲ್ಲ. ಅಂಗಡಿಗೆ ಒಯ್ದಿದ್ದ ಅದೇ ಅಯಸ್ಕಾಂತವನ್ನು ಒಂದು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ನೆಲದ ಮೇಲೆ ನಿಧಾನವಾಗಿ ಎಳೆಯಿರಿ. ಮುಳ್ಳುಹಂದಿಯ ಮೈಯಂತೆ ತಂತಿಗಳು ಎದ್ದು ಅಂಟಿಕೊಳ್ಳುತ್ತವೆ. ಚೀಲವನ್ನು ಒಳಗಿಂದ ಹೊರಕ್ಕೆ ಮಗುಚಿ ಗಂಟು ಹಾಕಿದರೆ ಎಲ್ಲ ಚೂರೂ ಒಳಗೆ ಸೇರಿರುತ್ತದೆ, ಅಯಸ್ಕಾಂತ ಕೈಯಲ್ಲಿ ಉಳಿದಿರುತ್ತದೆ.